ಡೆಟ್ರಾಯಿಟ್ ನದಿಯ ಹೊಸ ಸೇತುವೆ: ಕಟ್ಟಿದ್ದಾಯ್ತು, ಕೀಲಿ ಯಾರ ಕೈಯಲ್ಲಿ?

ಡೆಟ್ರಾಯಿಟ್ ನದಿ ಅಷ್ಟೇನೂ ಅಗಲವಾದ ನದಿಯಲ್ಲ. ಊರಿನ ಬಳಿ ಒಂದು ಕಿಲೋಮೀಟರೂ ಇಲ್ಲ. ಈ ದಡದಲ್ಲಿ ಅಮೆರಿಕದ ಡೆಟ್ರಾಯಿಟ್, ಆ ದಡದಲ್ಲಿ ಕೆನಡಾದ ವಿಂಡ್ಸರ್. ರಾತ್ರಿ ಹೊತ್ತು ದಡದಲ್ಲಿ ನಿಂತರೆ ಎದುರಿನ ದೇಶದ ದೀಪಗಳು ನೀರಿನಲ್ಲಿ ಕಾಣುತ್ತವೆ. ನಕ್ಷೆ ತೆಗೆದು ನೋಡಿದರೆ ಇನ್ನೊಂದು ಸೋಜಿಗ: ನದಿ ಬಳಸಿಕೊಂಡು ಹರಿಯುವ ರೀತಿಯಿಂದಾಗಿ, ಇಲ್ಲಿ ಕೆನಡಾ ಇರುವುದು ಅಮೆರಿಕದ ದಕ್ಷಿಣಕ್ಕೆ.

ಈ ನದಿಯ ಮೇಲೆ ಈಗ ಗೋರ್ಡಿ ಹೌ ಅಂತಾರಾಷ್ಟ್ರೀಯ ಸೇತುವೆ ನಿಂತಿದೆ. ಒಟ್ಟು ಉದ್ದ ಸುಮಾರು 2.5 ಕಿಲೋಮೀಟರ್. ಆರು ಲೇನ್. ಖರ್ಚು 640 ಕೋಟಿ ಕೆನಡಾ ಡಾಲರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 40 ಸಾವಿರ ಕೋಟಿ ರೂಪಾಯಿ. ಎರಡೂ ದಡದಿಂದ ಬಂದ ಉಕ್ಕಿನ ಹಾಸು ನಡುನೀರಿನ ಮೇಲೆ ಕೂಡಿದ್ದು 2024ರ ಜೂನ್‌ನಲ್ಲಿ. ಬಾಗಿಲು ತೆರೆಯುವ ದಿನ ಮಾತ್ರ 2024ರ ಕೊನೆಯಿಂದ 2025ಕ್ಕೆ, ಅಲ್ಲಿಂದ 2026ರ ಆರಂಭಕ್ಕೆ ಜಾರಿತು. ಅಷ್ಟರಲ್ಲಿ 2026ರ ಫೆಬ್ರುವರಿ 9ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ತಮ್ಮ ದೇಶಕ್ಕೆ ಸರಿಯಾದ ಪರಿಹಾರ ಸಿಗುವವರೆಗೂ ಸೇತುವೆ ತೆರೆಯಲು ಬಿಡುವುದಿಲ್ಲ, ಅದರಲ್ಲಿ ಕನಿಷ್ಠ ಅರ್ಧ ಪಾಲು ಅಮೆರಿಕದ್ದಾಗಬೇಕು ಎಂದು ಜಾಲತಾಣದಲ್ಲಿ ಬರೆದರು.

ಇದು ಒಂದು ದಿನದ ರಾಜಕೀಯ ಜಗಳದಂತೆ ಕಾಣಬಹುದು. ಹಾಗಲ್ಲ. ಈ ಸೇತುವೆಯ ಕಥೆಯಲ್ಲಿ ಕಬ್ಬಿಣ, ಕಾಂಕ್ರೀಟಿಗಿಂತ ದೊಡ್ಡ ಪ್ರಶ್ನೆ ಮೊದಲಿನಿಂದಲೂ ಒಂದೇ: ಎರಡು ದೇಶ ದಾಟುವ ಬಾಗಿಲಿನ ಕೀಲಿ ಯಾರ ಕೈಯಲ್ಲಿರಬೇಕು?

ಸ್ವಲ್ಪ ಹಿಂದಕ್ಕೆ ಹೋಗೋಣ.

ಇದೇ ನದಿಯ ಮೇಲೆ, ಹೊಸ ಸೇತುವೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಅಂಬಾಸಿಡರ್ ಸೇತುವೆ ಇದೆ. 1929ರ ನವೆಂಬರ್‌ನಲ್ಲಿ ತೆರೆದ ತೂಗುಸೇತುವೆ. ಆಗ ಜಗತ್ತಿನಲ್ಲೇ ಅತಿ ಉದ್ದದ ತೂಗು ಅಂತರ ಅದರದ್ದು, 564 ಮೀಟರ್. ಮರುವರ್ಷ ನದಿಯ ಕೆಳಗೆ ಸುರಂಗವೂ ಬಂತು, ಆದರೆ ದೊಡ್ಡ ಲಾರಿಗಳು ಅದರೊಳಗೆ ಹೋಗುವ ಹಾಗಿಲ್ಲ. ಹೀಗಾಗಿ ಭಾರದ ಸರಕಿಗೆ ಇಲ್ಲಿ ಉಳಿದಿದ್ದು ನಾಲ್ಕು ಲೇನಿನ ಆ ಒಂದೇ ಸೇತುವೆ. ಅಮೆರಿಕ ಮತ್ತು ಕೆನಡಾ ನಡುವಿನ ಸರಕು ವ್ಯಾಪಾರದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅದರ ಮೇಲೆಯೇ ಸಾಗುತ್ತದೆ.

ಆ ಸೇತುವೆ ಯಾವ ಸರ್ಕಾರದ್ದೂ ಅಲ್ಲ ಎಂಬುದು ಹೊರಗಿನವರಿಗೆ ನಂಬಲು ಕಷ್ಟವಾಗುವ ಸಂಗತಿ. ಅದನ್ನು ಕಟ್ಟಿದ್ದೇ ಖಾಸಗಿಯವರು. 1979ರಲ್ಲಿ ಲಾರಿ ಸಾಗಣೆ ಉದ್ಯಮಿ ಮ್ಯಾನ್ಯುಯೆಲ್ ಮೊರೂನ್ ಅದನ್ನು ಕೊಂಡುಕೊಂಡರು. ಅಲ್ಲಿಂದ ಟೋಲ್ ಎಷ್ಟು, ದುರಸ್ತಿ ಯಾವಾಗ, ಇನ್ನೊಂದು ಸೇತುವೆ ಬೇಕೋ ಬೇಡವೋ, ಎಲ್ಲದರಲ್ಲೂ ಒಂದು ಕುಟುಂಬದ ಮಾತು ನಡೆಯುತ್ತಾ ಬಂತು. ಎರಡು ಸಾರ್ವಭೌಮ ದೇಶಗಳು ತಮ್ಮ ಅತಿ ಮುಖ್ಯ ದಾರಿಗೆ ಒಬ್ಬ ವ್ಯಾಪಾರಿಯ ಮರ್ಜಿ ಕಾಯುವ ಸ್ಥಿತಿ. ಅವರು ಕಾನೂನು ಮೀರಿ ಸೇತುವೆ ಕೊಂಡರು ಎಂದು ನಾನು ಹೇಳುತ್ತಿಲ್ಲ. ಆದರೆ ಇಂಥದ್ದೊಂದು ದಾರಿ ಖಾಸಗಿ ಆಸ್ತಿಯಾಗಿ ಉಳಿಯಬಾರದಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದರ ಭಾರ ಯಾರ ಮೇಲೆ ಬಿತ್ತು ಎಂದು ನೋಡಬೇಕಾದರೆ ವಿಂಡ್ಸರ್‌ನ ಹ್ಯೂರನ್ ಚರ್ಚ್ ರಸ್ತೆಗೆ ಹೋಗಬೇಕು. ಟೊರಾಂಟೊ ಕಡೆಯಿಂದ ಬರುವ 401ನೇ ಹೆದ್ದಾರಿ ಕೆನಡಾದ ಮುಖ್ಯ ಸರಕು ದಾರಿ. ನೂರಾರು ಕಿಲೋಮೀಟರ್ ಎಲ್ಲೂ ನಿಲ್ಲದೆ ಓಡಿ ಬಂದ ಲಾರಿ, ಗಡಿ ಇನ್ನೇನು ಬಂತು ಎನ್ನುವಾಗ ಊರಿನ ರಸ್ತೆಗೆ ಇಳಿಯುತ್ತಿತ್ತು. ಒಂದಾದ ಮೇಲೊಂದು ಸಿಗ್ನಲ್, ಹತ್ತಕ್ಕಿಂತ ಜಾಸ್ತಿ. ಪಕ್ಕದಲ್ಲೇ ಮನೆಗಳು, ಅಂಗಡಿಗಳು, ವಿಂಡ್ಸರ್ ವಿಶ್ವವಿದ್ಯಾಲಯ. ಹದಿನೆಂಟು ಚಕ್ರದ ಲಾರಿ ಕೆಂಪು ದೀಪಕ್ಕೆ ನಿಂತು, ಹಸಿರಾದಾಗ ಗೇರ್ ಬದಲಿಸಿ, ಹೊಗೆ ಉಗುಳಿ ಮುಂದೆ ಹೋಗುವಷ್ಟರಲ್ಲಿ ಮತ್ತೆ ಕೆಂಪು. ಹೀಗೆ ದಿನಕ್ಕೆ ಸಾವಿರಾರು ಲಾರಿ. ಅಲ್ಲಿನ ಜನ ಹೊಸ ಸೇತುವೆ ಕೇಳಿದ್ದು ವ್ಯಾಪಾರದ ಲೆಕ್ಕಕ್ಕಲ್ಲ, ಮನೆಯ ಕಿಟಕಿ ತೆಗೆಯುವ ಆಸೆಗೆ.

2001ರಲ್ಲಿ ಎರಡೂ ದೇಶಗಳು, ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯ ಮತ್ತು ವಿಂಡ್ಸರ್ ಇರುವ ಒಂಟಾರಿಯೊ ಪ್ರಾಂತ್ಯ ಸೇರಿ ಜಂಟಿ ಅಧ್ಯಯನದ ದಾರಿ ಹಿಡಿದವು. 2008ರಲ್ಲಿ ಜಾಗ ಗೊತ್ತಾಯಿತು: ಅಮೆರಿಕದ ಕಡೆ ಡೆಲ್‌ರೇ, ಕೆನಡಾ ಕಡೆ ಸ್ಯಾಂಡ್‌ವಿಚ್. ಅಲ್ಲಿಂದ ಕೆಲಸ ಶುರುವಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. ನದಿಯ ಆಳವೂ ಕಾರಣವಲ್ಲ, ಎಂಜಿನಿಯರ್‌ಗಳೂ ಅಲ್ಲ.

ಮೊರೂನ್ ಕಂಪನಿ ಹೊಸ ಸೇತುವೆಯನ್ನು ಶಕ್ತಿ ಮೀರಿ ವಿರೋಧಿಸಿತು. ಬೇಕಾದರೆ ಹಳೆಯದರ ಪಕ್ಕದಲ್ಲೇ ತಾವೇ ಇನ್ನೊಂದು ಕಟ್ಟುತ್ತೇವೆ ಎಂದಿತು. ಸ್ಯಾಂಡ್‌ವಿಚ್ ಭಾಗದಲ್ಲಿ ಅದಕ್ಕಾಗಿ ನೂರಕ್ಕೂ ಹೆಚ್ಚು ಮನೆಗಳನ್ನು ಕೊಂಡು, ಕಿಟಕಿ ಬಾಗಿಲಿಗೆ ಹಲಗೆ ಹೊಡೆದು, ವರ್ಷಗಟ್ಟಲೆ ಖಾಲಿ ಬಿಟ್ಟಿತು. ಒಂಟಾರಿಯೊದ ಅತ್ಯಂತ ಹಳೆಯ ವಸತಿಗಳಲ್ಲಿ ಒಂದಾದ ಊರಿನ ಬೀದಿಗಳು ಹಾಗೆ ಬರಿದಾದವು. ಕೋರ್ಟು ಕಚೇರಿಯಂತೂ ನಡೆಯುತ್ತಲೇ ಇತ್ತು. ಅಮೆರಿಕದ ಕಡೆ ಹಳೆ ಸೇತುವೆಯನ್ನು ಹೆದ್ದಾರಿಗಳಿಗೆ ಜೋಡಿಸುವ ಕೆಲಸವನ್ನು ಒಪ್ಪಂದದಂತೆ ಮಾಡಲಿಲ್ಲ ಎಂದು 2012ರ ಜನವರಿಯಲ್ಲಿ ನ್ಯಾಯಾಧೀಶರು 84 ವರ್ಷದ ಮೊರೂನ್ ಅವರನ್ನು ಒಂದು ರಾತ್ರಿ ಜೈಲಿಗೂ ಕಳಿಸಿದರು.

ಮಿಶಿಗನ್ ಶಾಸನಸಭೆ ಹೊಸ ಸೇತುವೆಗೆ ಒಪ್ಪಲಿಲ್ಲ. ಆಗ ರಾಜ್ಯಪಾಲರಾಗಿದ್ದ ರಿಕ್ ಸ್ನೈಡರ್ ಬೇರೆ ದಾರಿ ಹುಡುಕಿದರು. (ಅಲ್ಲಿ ರಾಜ್ಯಪಾಲರೆಂದರೆ ಜನರೇ ಆರಿಸಿದ ರಾಜ್ಯದ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಯ ಹಾಗೆ.) ತಮ್ಮ ಆಡಳಿತದ ಅಧಿಕಾರ ಬಳಸಿ, 2012ರ ಜೂನ್ 15ರಂದು ಕೆನಡಾ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಕೆನಡಾ ಪ್ರಧಾನಿ ಸ್ಟೀಫನ್ ಹಾರ್ಪರ್ ಪಕ್ಕದಲ್ಲಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ, ಇಂಥ ಸೇತುವೆಗೆ ಜನಮತ ಕಡ್ಡಾಯ ಮಾಡಬೇಕೆಂಬ ಪ್ರಸ್ತಾವ ಮಿಶಿಗನ್ ಮತಪತ್ರಕ್ಕೆ ಬಂತು. ಅದರ ಪ್ರಚಾರಕ್ಕೆ ಮೊರೂನ್ ಕಡೆಯಿಂದ 3 ಕೋಟಿ ಡಾಲರಿಗೂ ಜಾಸ್ತಿ ಹಣ ಹರಿಯಿತು. ಜನ ಅದನ್ನು ತಳ್ಳಿಹಾಕಿದರು, ಹತ್ತರಲ್ಲಿ ಸುಮಾರು ಆರು ಮಂದಿ ವಿರುದ್ಧ ಮತ ಹಾಕಿದರು. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಅಧ್ಯಕ್ಷೀಯ ಪರವಾನಗಿಯೂ ಸಿಕ್ಕಿತು.

ಆ 2012ರ ಒಪ್ಪಂದವನ್ನು ಸರಿಯಾಗಿ ತಿಳಿದುಕೊಳ್ಳುವುದು ಮುಖ್ಯ. ಈಗಿನ ಜಗಳವೆಲ್ಲ ಅದರ ಸುತ್ತಲೇ ಇದೆ.

ಮಿಶಿಗನ್ ಒಂದು ಪೈಸೆಯನ್ನೂ ಹಾಕಬೇಕಿಲ್ಲ. ಸೇತುವೆ, ಅಮೆರಿಕದ ಕಡೆಯ ಭೂಸ್ವಾಧೀನ, ಐ-75 ಹೆದ್ದಾರಿಗೆ ಜೋಡಿಸುವ ಮೇಲ್ಸೇತುವೆಗಳು, ಎಲ್ಲಕ್ಕೂ ಹಣ ಕೆನಡಾದ್ದು. ಅಮೆರಿಕದ ಕಸ್ಟಮ್ಸ್ ಆವರಣವನ್ನಾದರೂ ಅಮೆರಿಕದ ಕೇಂದ್ರ ಸರ್ಕಾರ ಕಟ್ಟಿಕೊಳ್ಳಬೇಕಿತ್ತು, ಅಲ್ವಾ? ಅದಕ್ಕೂ ಹಣ ಹೊರಡಲಿಲ್ಲ. 2015ರಲ್ಲಿ ಕೆನಡಾ ಅದನ್ನೂ ಹೊತ್ತುಕೊಂಡಿತು. ಬದಲಿಗೆ ಕೆನಡಾಕ್ಕೆ ಸಿಗುವುದು ಟೋಲ್ ಹಣ. ಹಾಕಿದ ಬಂಡವಾಳ ವಾಪಸ್ ಬರುವವರೆಗೂ ಟೋಲ್ ಕೆನಡಾದ್ದು, ಆಮೇಲೆ ಇಬ್ಬರಿಗೂ. ಒಡೆತನ ಮಾತ್ರ ಮೊದಲ ದಿನದಿಂದಲೇ ಇಬ್ಬರದ್ದು: ಕೆನಡಾ ಸರ್ಕಾರ ಮತ್ತು ಮಿಶಿಗನ್ ರಾಜ್ಯ.

ಈಗ ಅರ್ಧ ಪಾಲು ಬೇಕು ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಮೆರಿಕದ ಒಂದು ರಾಜ್ಯ ಈಗಾಗಲೇ ಜಂಟಿ ಒಡೆಯ. ಕೆನಡಾ ಪ್ರಧಾನಿ ಮಾರ್ಕ್ ಕಾರ್ನಿ ಟ್ರಂಪ್ ಜೊತೆ ಮಾತಾಡಿ ಇದನ್ನೇ ವಿವರಿಸಿದರು: ಹಣ ಹಾಕಿದ್ದು ನಾವು, ಒಡೆತನ ಇಬ್ಬರದ್ದು. ಸೇತುವೆ ಕಟ್ಟಲು ಅಮೆರಿಕದ ಸರಕೇ ಬಳಸಿಲ್ಲ ಎಂಬ ಟ್ರಂಪ್ ಅವರ ದೂರೂ ನಿಲ್ಲುವುದಿಲ್ಲ. ಒಪ್ಪಂದದಲ್ಲೇ ಉಕ್ಕು ಅಮೆರಿಕ ಅಥವಾ ಕೆನಡಾದ್ದಾಗಿರಬೇಕು ಎಂದಿದೆ, ಎರಡೂ ಕಡೆಯ ಕಾರ್ಮಿಕರು ಇಲ್ಲಿ ದುಡಿದಿದ್ದಾರೆ. ಇನ್ನೂ ಒಂದು ಮಾತು. 2017ರ ಫೆಬ್ರುವರಿಯಲ್ಲಿ ಇದೇ ಟ್ರಂಪ್, ಆಗಿನ ಕೆನಡಾ ಪ್ರಧಾನಿ ಜಸ್ಟಿನ್ ಟ್ರುಡೊ ಜೊತೆ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಈ ಸೇತುವೆಯ ಹೆಸರೆತ್ತಿ, ಬೇಗ ಮುಗಿಯಲಿ ಎಂದು ಹಾರೈಸಿದ್ದರು.

ಹಾಗಾದರೆ ಬೆದರಿಕೆಗೆ ಬೆಲೆ ಇಲ್ಲವೇ? ಇದೆ, ಅದೇ ಬೇಸರದ ವಿಷಯ. ಒಪ್ಪಂದದಲ್ಲಿ ಏನೇ ಇರಲಿ, ಅಮೆರಿಕದ ಕಡೆಯ ತಪಾಸಣಾ ಗೂಡುಗಳಲ್ಲಿ ಕೂರುವವರು ಅಮೆರಿಕದ ಕೇಂದ್ರ ಸರ್ಕಾರದ ಅಧಿಕಾರಿಗಳು. ಅವರು ಬಂದು ಕೂರದಿದ್ದರೆ ಒಂದು ಕಾರೂ ದಾಟುವುದಿಲ್ಲ. ಮಿಶಿಗನ್‌ಗೆ ಒಡೆತನ ಇದೆ, ಗಡಿಯ ಮೇಲೆ ಅಧಿಕಾರ ಇಲ್ಲ. ಕೆನಡಾದ್ದು ಹಣ ಇದೆ, ಆಚೆ ದಡದ ಮೇಲೆ ಮಾತು ನಡೆಯುವುದಿಲ್ಲ. ಖಾಸಗಿ ಕೈಯಿಂದ ತಪ್ಪಿಸಿದ ಕೀಲಿ ಇನ್ನೊಂದು ಕೈಗೆ ಸಿಕ್ಕಿಕೊಂಡ ಹಾಗಾಯಿತು.

ನಮ್ಮ ಕಡೆಯೂ ಇಂಥದ್ದು ನಡೆದಿದೆ. ತ್ರಿಪುರಾದ ಸಬ್ರೂಮ್‌ನಿಂದ ಬಾಂಗ್ಲಾದೇಶದ ರಾಮ್‌ಗಢಕ್ಕೆ ಫೆನಿ ನದಿಯ ಮೇಲೆ ಮೈತ್ರಿ ಸೇತು ಕಟ್ಟಿದೆವು. 1.9 ಕಿಲೋಮೀಟರ್, 133 ಕೋಟಿ ರೂಪಾಯಿ. 2021ರ ಮಾರ್ಚ್ 9ರಂದು ಉದ್ಘಾಟನೆಯೂ ಆಯಿತು. ವರ್ಷಗಳು ಕಳೆದರೂ ಅದರ ಮೇಲೆ ಸರಕು ಲಾರಿ ಓಡಲಿಲ್ಲ. ಮೊದಲು ತಪಾಸಣಾ ಠಾಣೆ ಸಿದ್ಧವಿರಲಿಲ್ಲ, ಆಮೇಲೆ ರಾಜಕೀಯ ಬದಲಾಯಿತು. ಗಡಿ ಸೇತುವೆಯಲ್ಲಿ ಕೊನೆಯ ಕಂಬ ನಿಂತ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕಟ್ಟಿದವರ ಕೆಲಸವನ್ನು ನೋಡದೆ ಹೋದರೆ ತಪ್ಪಾಗುತ್ತದೆ. ನಿಜಕ್ಕೂ ನೋಡುವಂಥದ್ದು ಅದು.

2018ರ ಅಕ್ಟೋಬರ್‌ನಲ್ಲಿ ಕೆಲಸ ಶುರುವಾಯಿತು. ಎರಡು ದಡದಲ್ಲಿ ಒಂದೊಂದು ಟವರ್, ತಲಾ 220 ಮೀಟರ್ ಎತ್ತರ. ಡೆಟ್ರಾಯಿಟ್‌ನ ಅತಿ ಎತ್ತರದ ಕಟ್ಟಡ ರೆನೆಸಾನ್ಸ್ ಸೆಂಟರ್ ಕೂಡ ಹೆಚ್ಚುಕಡಿಮೆ ಅಷ್ಟೇ. ಎರಡು ಟವರ್ ನಡುವಿನ ಅಂತರ 853 ಮೀಟರ್. ಈ ಬಗೆಯ ಕೇಬಲ್ ಸೇತುವೆಗಳಲ್ಲಿ ಉತ್ತರ ಅಮೆರಿಕದಲ್ಲೇ ಇದು ಅತಿ ಉದ್ದ. ನೀರಿನಲ್ಲಿ ಒಂದು ಕಂಬವೂ ಇಲ್ಲ. ಸರೋವರಗಳ ನಡುವೆ ಓಡಾಡುವ ದೊಡ್ಡ ಹಡಗುಗಳ ದಾರಿ ಇದು, ಅದಕ್ಕಾಗಿ ನೀರಿನಿಂದ 46 ಮೀಟರ್ ಎತ್ತರ ಬಿಟ್ಟಿದ್ದಾರೆ.

ಅಂಬಾಸಿಡರ್ ತೂಗುಸೇತುವೆ. ಅಲ್ಲಿ ದಡದಿಂದ ದಡಕ್ಕೆ ಎರಡು ದಪ್ಪ ಹಗ್ಗ, ಅವುಗಳಿಂದ ರಸ್ತೆ ಇಳಿಬಿದ್ದಿರುತ್ತದೆ. ಹೊಸದರಲ್ಲಿ ಹಾಗಿಲ್ಲ. ಟವರಿನ ತಲೆಯಿಂದ ಬೀಸಣಿಗೆಯ ಕಡ್ಡಿಗಳ ಹಾಗೆ ಓರೆಯಾಗಿ ಕೇಬಲ್‌ಗಳು ಇಳಿದು, ರಸ್ತೆಯ ಒಂದೊಂದು ತುಂಡನ್ನು ನೇರವಾಗಿ ಹಿಡಿದಿವೆ. ಒಟ್ಟು 216 ಕೇಬಲ್. ಕಟ್ಟುವಾಗ ಟವರಿನ ಬಳಿಯಿಂದ ನೀರಿನ ಕಡೆಗೆ ಒಂದು ತುಂಡು ಜೋಡಿಸುವುದು, ಅದಕ್ಕೆ ಕೇಬಲ್ ಬಿಗಿಯುವುದು, ಆಮೇಲೆ ಮುಂದಿನ ತುಂಡು. ನೀರಿನ ಕಡೆ ಎಷ್ಟು ಭಾರ ಏರಿತೋ ನೆಲದ ಕಡೆಯ ಕೇಬಲ್‌ಗಳು ಅಷ್ಟನ್ನೇ ಹಿಂದಕ್ಕೆ ಎಳೆದು ಹಿಡಿಯಬೇಕು. ಕಾವಡಿ ಹೊತ್ತವರು ಎರಡೂ ಕಡೆ ತೂಗಿಸಿಕೊಂಡು ನಡೆಯುವುದನ್ನು ನೆನೆಸಿಕೊಳ್ಳಿ. ಇಲ್ಲಿ ಹೆಗಲಾಗಿ ನಿಂತಿರುವುದು ಟವರ್.

ಕೊನೆಯ ತುಂಡು ಕೂರಿಸುವುದು ಎಲ್ಲಕ್ಕಿಂತ ಸೂಕ್ಷ್ಮ. ಎರಡೂ ದಡದಿಂದ ಬಂದ ಅರ್ಧ ಸೇತುವೆಗಳು, ಒಂದೊಂದು 400 ಮೀಟರಿಗೂ ಉದ್ದ, ಗಾಳಿಯಲ್ಲಿ ಚಾಚಿ ನಿಂತಿರುತ್ತವೆ. ಬಿಸಿಲು ಏರಿದರೆ ಉಕ್ಕು ಹಿಗ್ಗುತ್ತದೆ. ಅಷ್ಟು ಉದ್ದದ ಉಕ್ಕಿಗೆ 10 ಡಿಗ್ರಿ ಶಾಖ ಏರಿದರೆ ಹತ್ತಿರ ಹತ್ತಿರ 5 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಬೋಲ್ಟಿನ ತೂತುಗಳು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಬೇಕಾದ ಕಡೆ ಇದು ದೊಡ್ಡ ಅಂತರ. ಗಾಳಿ ಬೀಸಿದರೆ ತುದಿಗಳು ಅಲುಗಾಡುತ್ತವೆ. ಹೀಗಾಗಿ ಹವೆ ನೋಡಿ, ಹೊತ್ತು ನೋಡಿ ಕೂರಿಸಬೇಕು. 2024ರ ಜೂನ್‌ನಲ್ಲಿ ಅದು ಕೂತಿತು. ಅವತ್ತಿನಿಂದ ಎರಡು ದೇಶಗಳು ಅಲ್ಲಿ ಒಂದೇ ಉಕ್ಕಿನ ಹಾಸಿನಿಂದ ಸೇರಿವೆ.

ತಡವಾಗಿದ್ದಕ್ಕೆ ಕಾರಣ ದೊಡ್ಡ ಗುಟ್ಟೇನಲ್ಲ. ಕೆಲಸ ಕಾವೇರುವ ಹೊತ್ತಿಗೆ ಕೋವಿಡ್ ಬಂತು. 2024ರ ಜನವರಿಯಲ್ಲಿ ಗುತ್ತಿಗೆ ಒಪ್ಪಂದವನ್ನು ತಿದ್ದಿದರು. 570 ಕೋಟಿ ಇದ್ದ ವೆಚ್ಚ 640 ಕೋಟಿ ಡಾಲರ್ ಆಯಿತು, ಮುಗಿಸುವ ಗಡುವು 2025ರ ಸೆಪ್ಟೆಂಬರಿಗೆ ಹೋಯಿತು. ಆಮೇಲೆ ಉಳಿದಿದ್ದು ಎರಡು ದಡದ ತಪಾಸಣಾ ಆವರಣಗಳ ಕೆಲಸ ಮತ್ತು ಪರೀಕ್ಷೆ. ಇವು ಸಣ್ಣ ಕಟ್ಟಡಗಳಲ್ಲ. ಅಮೆರಿಕದ ಕಡೆ 68 ಹೆಕ್ಟೇರ್ ಜಾಗದಲ್ಲಿ 36 ತಪಾಸಣಾ ಲೇನ್. ಕೆನಡಾ ಕಡೆ 53 ಹೆಕ್ಟೇರ್‌ನಲ್ಲಿ 24 ಲೇನ್, ಜೊತೆಗೆ ಟೋಲ್ ಗೇಟುಗಳು. ಟೋಲ್ ವಸೂಲಿ ಕೆನಡಾ ಕಡೆ ಮಾತ್ರ. ಕ್ಯಾಮೆರಾ, ಸ್ಕ್ಯಾನರ್, ಕಂಪ್ಯೂಟರ್ ಜಾಲ ಎಲ್ಲವೂ ಎರಡು ದೇಶಗಳ ಬೇರೆ ಬೇರೆ ಇಲಾಖೆಗಳ ಪರೀಕ್ಷೆ ದಾಟಬೇಕು. ಹೊರಗಿನಿಂದ ನೋಡಿದವರಿಗೆ ಸೇತುವೆ ಮುಗಿದು ಸುಮ್ನೆ ನಿಂತಿದೆ ಅನ್ನಿಸುತ್ತದೆ, ಒಳಗೆ ಕೆಲಸ ನಡೆದೇ ಇತ್ತು.

ಎರಡನೇ ದಾರಿ ಯಾಕೆ ಬೇಕಿತ್ತು ಎಂಬುದಕ್ಕೆ ವಾದವೇ ಬೇಕಿಲ್ಲ, 2022ರ ಫೆಬ್ರುವರಿಯ ಒಂದು ವಾರ ಸಾಕು. ಕೆನಡಾದಲ್ಲಿ ಕೋವಿಡ್ ನಿಯಮಗಳ ವಿರುದ್ಧ ಲಾರಿ ಚಾಲಕರ ಪ್ರತಿಭಟನೆ ನಡೆಯುತ್ತಿತ್ತು. ಫೆಬ್ರುವರಿ 7ರಂದು ಪ್ರತಿಭಟನಾಕಾರರು ಅಂಬಾಸಿಡರ್ ಸೇತುವೆಯ ವಿಂಡ್ಸರ್ ಬಾಯಿಯನ್ನು ಬಂದ್ ಮಾಡಿದರು. ಸೇತುವೆ ಮತ್ತೆ ತೆರೆದಿದ್ದು 13ರ ರಾತ್ರಿ. ಅಷ್ಟರಲ್ಲಿ ಫೋರ್ಡ್, ಜನರಲ್ ಮೋಟರ್ಸ್, ಟೊಯೋಟಾ ಕಾರ್ಖಾನೆಗಳು ಪಾಳಿ ನಿಲ್ಲಿಸಬೇಕಾಯಿತು. ಇಲ್ಲಿನ ಕಾರು ಉದ್ಯಮ ಹಾಗೆ ಹೆಣೆದುಕೊಂಡಿದೆ. ಒಂದು ಕಾರು ಪೂರ್ತಿಯಾಗುವಷ್ಟರಲ್ಲಿ ಅದರ ಬಿಡಿಭಾಗಗಳು ಗಡಿಯನ್ನು ಹಲವು ಸಲ ದಾಟಿರುತ್ತವೆ. ಕಾರ್ಖಾನೆಗಳು ಹೆಚ್ಚು ದಾಸ್ತಾನು ಇಟ್ಟುಕೊಳ್ಳುವುದಿಲ್ಲ, ಬೆಳಿಗ್ಗೆ ಬಂದ ಭಾಗ ಸಂಜೆಯೊಳಗೆ ಕಾರಿಗೆ ಕೂತಿರುತ್ತದೆ. ಸೇತುವೆಯೇ ಅವರ ಗೋದಾಮು.

ಕನ್ನಡದವರಿಗೂ ಈ ಊರು ದೂರದ್ದಲ್ಲ. ಡೆಟ್ರಾಯಿಟ್ ಸುತ್ತಲಿನ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಕಾರು ಕಂಪನಿಗಳ ಕೆಲಸಕ್ಕೆ ಹೋದ ಕನ್ನಡ ಮನೆಗಳು ಬಹಳ ಇವೆ. ಅಲ್ಲಿ ಪಂಪ ಕನ್ನಡ ಕೂಟ ದಶಕಗಳಿಂದ ನಡೆಯುತ್ತಿದೆ, 2002ರಲ್ಲಿ ಅಕ್ಕ ಸಮ್ಮೇಳನ ನಡೆದಿದ್ದೂ ಇದೇ ಊರಿನಲ್ಲಿ. ಜನರಲ್ ಮೋಟರ್ಸ್‌ನ ದೊಡ್ಡ ತಾಂತ್ರಿಕ ಕೇಂದ್ರ ಬೆಂಗಳೂರಿನಲ್ಲಿದೆ. ಈ ನದಿ ದಾಟುವ ಬಿಡಿಭಾಗಗಳ ಹಿಂದಿನ ವಿನ್ಯಾಸದ ಕೆಲಸ ನಮ್ಮವರಿಗೆ ಹೊಸದಲ್ಲ.

ಎಲ್ಲರಿಗೂ ಲಾಭ ಎಂದು ಬರೆದುಬಿಡುವುದು ಸುಲಭ. ಡೆಲ್‌ರೇ ಜನರನ್ನು ನೆನೆದರೆ ಹಾಗೆ ಬರೆಯಲು ಕೈ ಬರುವುದಿಲ್ಲ. ಒಂದು ಕಾಲಕ್ಕೆ ಹಂಗೇರಿಯಿಂದ ಬಂದ ವಲಸಿಗರು ಕಟ್ಟಿದ ಬಡಾವಣೆ ಅದು, 20 ಸಾವಿರಕ್ಕೂ ಹೆಚ್ಚು ಜನ ಇದ್ದ ಜಾಗ. ಸುತ್ತ ಉಕ್ಕಿನ ಕಾರ್ಖಾನೆ, ಊರಿನ ಕೊಳಚೆ ನೀರಿನ ಘಟಕ, ಹತ್ತಿರದಲ್ಲೇ ತೈಲ ಶುದ್ಧೀಕರಣ ಘಟಕ. ವರ್ಷಗಳು ಹೋದಂತೆ ಜನ ಖಾಲಿಯಾದರು, ಉಳಿದವರು ಬಡವರು. ಸೇತುವೆಗೆ ಜಾಗ ಬೇಕಾದಾಗ ಉಳಿದ ಮನೆಗಳಲ್ಲೂ ಎಷ್ಟೋ ಹೋದವು. ಡೆಟ್ರಾಯಿಟ್ ನಗರಾಡಳಿತ 2017ರಲ್ಲಿ ಒಂದು ಯೋಜನೆ ತಂದಿತು: ಡೆಲ್‌ರೇ ಮನೆ ಬಿಟ್ಟುಕೊಟ್ಟರೆ ನಗರದ ಬೇರೆ ಕಡೆ ದುರಸ್ತಿ ಮಾಡಿದ ಮನೆ ಕೊಡುವುದು, ಹೆದ್ದಾರಿ ಪಕ್ಕ ಉಳಿಯುವವರ ಮನೆಗೆ ಶಬ್ದ ಮತ್ತು ಹೊಗೆ ತಡೆಯುವ ಕಿಟಕಿ ಹಾಕಿಸುವುದು. ಒಳ್ಳೆಯ ಕೆಲಸವೇ. ಆದರೆ ವಿಂಡ್ಸರ್‌ನ ಹೊಗೆಯಲ್ಲಿ ಒಂದಷ್ಟು ಡೆಲ್‌ರೇ ಕಡೆಗೆ ಸರಿಯುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಗಾಳಿಯ ಗುಣಮಟ್ಟವನ್ನು ಅಳೆದು, ಅಳತೆಯನ್ನು ಅಲ್ಲಿನವರ ಮುಂದೆ ಇಡುವ ಕೆಲಸ ಉದ್ಘಾಟನೆಯ ಮರುದಿನ ನಿಂತುಹೋಗಬಾರದು.

ಇನ್ನು ದುಡ್ಡಿನ ಲೆಕ್ಕ. ಯೋಜನೆ ಹೊರಟಾಗ ಇದ್ದ ನಂಬಿಕೆ, ಎರಡು ದೇಶಗಳ ವ್ಯಾಪಾರ ಬೆಳೆಯುತ್ತಲೇ ಹೋಗುತ್ತದೆ ಎಂಬುದು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಹೊರದೇಶದ ಕಾರುಗಳ ಮೇಲೆ ಶೇ 25 ಸುಂಕ ಹಾಕಿತು. ಕೆನಡಾದ ಕಾರುಗಳಿಗೂ ಅದರ ಬಿಸಿ ತಟ್ಟಿತು. ಟೋಲ್ ಹಣ ಬರುವುದು ಮುಖ್ಯವಾಗಿ ಲಾರಿಗಳಿಂದ. ಲಾರಿ ಕಡಿಮೆಯಾದರೆ 640 ಕೋಟಿ ವಾಪಸ್ ಬರುವ ದಿನವೂ ದೂರ ಹೋಗುತ್ತದೆ. ಪಕ್ಕದಲ್ಲಿ ಅಂಬಾಸಿಡರ್ ಪೈಪೋಟಿಗೆ ಇದ್ದೇ ಇದೆ. ಹಾಗಂತ ಸೇತುವೆ ಬೇಡವಾಗಿತ್ತು ಎನ್ನುವವರ ಜೊತೆ ನಾನಿಲ್ಲ. ಇದರ ಆಯುಷ್ಯ 125 ವರ್ಷ ಎಂದು ಲೆಕ್ಕ ಹಾಕಿ ಕಟ್ಟಿದ್ದಾರೆ. ಒಬ್ಬ ಅಧ್ಯಕ್ಷರ ಅವಧಿ ನಾಲ್ಕು ವರ್ಷ. ಸುಂಕಗಳು ಬರುತ್ತವೆ, ಹೋಗುತ್ತವೆ.

ನನಗೆ ಈ ಸೇತುವೆಯಲ್ಲಿ ಅತಿ ಇಷ್ಟವಾಗಿದ್ದು ಲಾರಿಗೆ ಸಂಬಂಧಿಸಿದ್ದಲ್ಲ. ಒಂದು ಅಂಚಿನಲ್ಲಿ 3.6 ಮೀಟರ್ ಅಗಲದ ದಾರಿ ಬಿಟ್ಟಿದ್ದಾರೆ, ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ. ಅದಕ್ಕೆ ಟೋಲ್ ಇಲ್ಲ. ಎದುರುಬದುರು ಇರುವ ಈ ಎರಡು ಊರುಗಳ ನಡುವೆ ನಡೆದು ದಾಟುವ ದಾರಿಯೇ ಇಲ್ಲದೆ ದಶಕಗಳು ಕಳೆದಿವೆ. ವಿಂಡ್ಸರ್‌ನಲ್ಲಿ ಮನೆ ಮಾಡಿಕೊಂಡು ದಿನವೂ ಡೆಟ್ರಾಯಿಟ್ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗುವ ನರ್ಸುಗಳು ಬಹಳ ಜನ ಇದ್ದಾರೆ. ಆಚೆ ದಡದಲ್ಲಿ ಅಣ್ಣ, ಈಚೆ ದಡದಲ್ಲಿ ತಂಗಿ ಇರುವ ಮನೆಗಳಿವೆ. ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡು ಸೈಕಲ್ ತುಳಿದು ಇನ್ನೊಂದು ದೇಶಕ್ಕೆ ಊಟಕ್ಕೆ ಹೋಗಿ ಬರಬಹುದು ಎಂದರೆ, ಅಲ್ಲಿನವರಿಗೆ ಅದು ಸಣ್ಣ ವಿಷಯವಲ್ಲ.

ಹೆಸರೂ ಹಾಗೇ ಬಂದಿದ್ದು. ಗೋರ್ಡಿ ಹೌ ಕೆನಡಾದ ಸಸ್ಕಾಚುವಾನ್‌ನಲ್ಲಿ ಹುಟ್ಟಿದ ಐಸ್ ಹಾಕಿ ಆಟಗಾರ. 25 ಸೀಸನ್ ಆಡಿದ್ದು ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡಕ್ಕೆ. ಎರಡೂ ಊರಿನವರು ಅವರನ್ನು ನಮ್ಮವರು ಎನ್ನುತ್ತಾರೆ. 2015ರಲ್ಲಿ ಹೆಸರು ಘೋಷಿಸಿದಾಗ ಅವರಿನ್ನೂ ಬದುಕಿದ್ದರು. ಮರುವರ್ಷ ತೀರಿಕೊಂಡರು.

ವಿಂಡ್ಸರ್‌ನಲ್ಲಿ ಹೊಸ ಸೇತುವೆಗಾಗಿಯೇ ಇನ್ನೊಂದು ರಸ್ತೆ ಮಾಡಿದ್ದಾರೆ. ಹರ್ಬ್ ಗ್ರೇ ಪಾರ್ಕ್‌ವೇ, 11 ಕಿಲೋಮೀಟರ್. ಸಿಗ್ನಲ್ ಇಲ್ಲದ ಹಾಗೆ, ಬಹುಪಾಲು ನೆಲಮಟ್ಟದಿಂದ ಕೆಳಗೆ ತಗ್ಗಿಸಿ, 401 ಹೆದ್ದಾರಿಯನ್ನು ನೇರವಾಗಿ ಹೊಸ ಗಡಿ ಠಾಣೆಗೆ ತಂದು ಸೇರಿಸುವ ರಸ್ತೆ. ಅದು ತೆರೆದಿದ್ದು 2015ರಲ್ಲಿ. ಸೇತುವೆಯ ಬಾಗಿಲು ಮುಚ್ಚಿರುವವರೆಗೂ ಟೊರಾಂಟೊ ಕಡೆಯ ಲಾರಿಗಳು ಆ ಒಳ್ಳೆಯ ರಸ್ತೆಯಲ್ಲಿ ಬಂದು, ಕೊನೆಗೆ ಅದನ್ನು ಬಿಟ್ಟು, ಮತ್ತೆ ಹ್ಯೂರನ್ ಚರ್ಚ್ ರಸ್ತೆಗೆ ಹತ್ತಿ ಸಿಗ್ನಲ್ಲಿಗೆ ನಿಲ್ಲುತ್ತವೆ. ಅಲ್ಲಿಂದ ಕತ್ತೆತ್ತಿದರೆ ಕಾಣುವುದು 1929ರ ಸೇತುವೆ.